ಗುರುಲಿಂಗಮ್ಮನ ದನಿ ಇದ್ದ ಯಂತ್ರ

ಗುರುಲಿಂಗಮ್ಮನಿಗೆ ಗಂಟಲಲ್ಲಿ ಗಡ್ಡೆಯಾಗಿತ್ತು. ಸೋಮವಾರ ಬೆಳಿಗ್ಗೆ ರಾಯಚೂರಿನಲ್ಲಿ ಆಪರೇಷನ್. ದನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದಕ್ಕೆ ಮೊದಲು ಅವಳಿಂದ ಎಂಟುನೂರು ವಾಕ್ಯ ಓದಿಸಿ ಹಿಡಿದಿಟ್ಟರೆ, ಮುಂದೆ ಅವಳು ಫೋನಿನಲ್ಲಿ ಬರೆದದ್ದನ್ನು ಕಂಪ್ಯೂಟರು ಅವಳದೇ ದನಿಯಲ್ಲಿ ಹೇಳುತ್ತದೆ. ಚೀಟಿಯಲ್ಲಿ ಬರೆದು ತೋರಿಸಿದರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಅವಳ ಗಂಡ ಅಮರಗುಂಡಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿ ಆರು ವರ್ಷವಾಗಿದೆ. ಮಸ್ಕಿಯ ಆ ಮನೆಯಲ್ಲಿ ಇರುವವರು ಅವರಿಬ್ಬರೇ. ಇನ್ನು ಮೇಲೆ ಒಬ್ಬರು ನೋಡಲಾರರು, ಒಬ್ಬರು ಮಾತಾಡಲಾರರು.

ವಾಕ್ಯಗಳನ್ನು ಬರೆದುಕೊಟ್ಟವಳು ನಾನು. ಲಿಂಗಸುಗೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದ ಮೇಲೆ, ಸಿಂಧನೂರಿನ ದನಿ ಕೇಂದ್ರಕ್ಕೆ ಈ ಕೆಲಸಕ್ಕೆಂದು ಹೋಗುತ್ತಿದ್ದೆ. ಬೆಳಗಿನ ಬಸ್ಸಿನಲ್ಲಿ ಗುರುಲಿಂಗಮ್ಮನಿಗೆಂದು ನನ್ನ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟುಕೊಂಡಿರುತ್ತಿದ್ದೆ. ಮಸ್ಕಿಯಲ್ಲಿ ಅವಳು ಹತ್ತುತ್ತಿದ್ದಳು. ಧೂಳು ತಾಗಿದರೆ ಅವಳಿಗೆ ಕೆಮ್ಮು ಬರುತ್ತದೆಂದು ಕಂಡಕ್ಟರು ಎರಡನೆಯ ದಿನದಿಂದ ತಾನೇ ಬಂದು ಕಿಟಕಿ ಮುಚ್ಚುತ್ತಿದ್ದ.

ಕೇಂದ್ರವಿದ್ದದ್ದು ಒಂದು ಅಕ್ಕಿ ಗಿರಣಿಯ ಮಾಳಿಗೆಯ ಮೇಲೆ. ಗಿರಣಿಯವರ ಟ್ರಸ್ಟು ಅದನ್ನು ನಡೆಸುತ್ತಿತ್ತು. ಓದುವ ಹೊತ್ತಿಗೆ ಮೂಟೆ ಹೊರುವ ಹಮಾಲರು ಕೆಳಗೆ ದನಿ ತಗ್ಗಿಸಿ ಮಾತಾಡುತ್ತಿದ್ದರು.

ಮೊದಲ ದಿನವೇ ಗುರುಲಿಂಗಮ್ಮ ಹಾಳೆ ತಿರುವಿ ನೋಡಿ ನಕ್ಕಳು.

"ಅಕ್ಕೋರೆ, ಇದ್ರಾಗ ಒಂದೂ ಬೈಗುಳ ಇಲ್ಲಲ್ರೀ. ಬೈಯದಿದ್ರ ನಮ್ಮನಿಯವ್ರು ಇದು ಅಕಿ ಅಲ್ಲೇ ಅಲ್ಲ ಅಂತಾರ."

"ಎಷ್ಟು ಬೇಕು?"

"ಒಂದಿಪ್ಪತ್ತು ಸಾಕ್ರೀ. ಈಗ ಕಮ್ಮಿ ಮಾಡೀನಿ."

ಇಪ್ಪತ್ತನ್ನೂ ಅವಳೇ ಹೇಳಿ ಬರೆಸಿದಳು. ಕಂಪ್ಯೂಟರಿನ ಮುಂದಿದ್ದ ದೀಪಿಕಾ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಳು.

ದೀಪಿಕಾ ಮುಕ್ಕುಂದದ ಹುಡುಗಿ. ಕೇಂದ್ರದ ಯಂತ್ರಗಳೆಲ್ಲ ಅವಳ ಕೈಯಲ್ಲಿ. ಒಂದು ದೊಡ್ಡ ಕಂಪ್ಯೂಟರಿನೊಳಗೆ ಬೇಕಾದಷ್ಟು ಸಣ್ಣ ಕಂಪ್ಯೂಟರು ಕಟ್ಟಿಕೊಳ್ಳಬಹುದಂತೆ. ಮುಟ್ಟಲು ಸಿಗುವುದಿಲ್ಲ, ಕೆಲಸ ಮಾತ್ರ ಮಾಡುತ್ತವೆ. ಅವನ್ನು ವರ್ಚುವಲ್ ಮಷೀನ್ ಎನ್ನುತ್ತಿದ್ದಳು. ಓದಲು ಬಂದ ಒಬ್ಬೊಬ್ಬರಿಗೂ ಒಂದೊಂದು ಮಷೀನನ್ನು ಕೈಯಾರೆ ಕಟ್ಟಲು ಅವಳಿಗೆ ಅರ್ಧ ದಿನ ಹಿಡಿಯುತ್ತಿತ್ತು. ಅದಕ್ಕೆ ಅವಳು ಎಲ್ಲವನ್ನೂ ಒಂದು ಫೈಲಿನಲ್ಲಿ ಬರೆದಿಟ್ಟಳು: ಎಷ್ಟು ಮೆಮೊರಿ, ಯಾವ ಸಾಫ್ಟ್‌ವೇರು, ಏನು ಹೆಸರು. ಆಪರೇಷನ್ನಿಗೆ ಮುಂಚಿನ ಗುರುವಾರದಿಂದ ಮಷೀನುಗಳು ತಾವಾಗಿಯೇ ಎದ್ದು ನಿಲ್ಲತೊಡಗಿದವು. ಇಪ್ಪತ್ನಾಲ್ಕು ತಾಸು ಯಾರೂ ಮುಟ್ಟದ ಮಷೀನು ತಾನಾಗಿಯೇ ಅಳಿದು, ಅದೇ ಹೆಸರಿನ ಹೊಸದು ಆ ಜಾಗದಲ್ಲಿ ಹುಟ್ಟುತ್ತಿತ್ತು. ವಾರದ ರಜೆಯ ದಿನದ ತಾಸು ಮಾತ್ರ ಈ ಲೆಕ್ಕಕ್ಕಿಲ್ಲ.

"ನಾಕು ನಿಮಿಷ ನೋಡ್ರೀ ಅಕ್ಕೋರೆ, ಹೊಸಾದು ತಯಾರ," ಎಂದು ಅವಳು ಚಿಟಿಕೆ ಹೊಡೆದಳು. ಗುರುಲಿಂಗಮ್ಮ ಅಲ್ಲಿಯವರೆಗೆ ಓದಿದ್ದನ್ನೆಲ್ಲ ಹೊಸ ಮಷೀನಿಗೆ ಸಾಗಿಸಿ, ಜಾಗ ಬೇಕೆಂದು ಹಳೆಯದನ್ನು ತೆಗೆದುಹಾಕಿದಳು.

ಭಾನುವಾರ ಸಂಜೆ ನಾಲ್ಕಕ್ಕೆ ಕೊನೆಯ ವಾಕ್ಯ ಮುಗಿಯಿತು. ಗುರುಲಿಂಗಮ್ಮನ ದನಿ ಆಗಲೇ ಒಡೆಯುತ್ತಿತ್ತು. ಕೇಂದ್ರದ ಹಿರಿಯ ಮೆಕ್ಯಾನಿಕ್ ಇಶ್ತಿಯಾಕ್ ಅವಳಿಗೆಂದು ಮನೆಯಿಂದ ಫ್ಲಾಸ್ಕಿನಲ್ಲಿ ಬಿಸಿನೀರು ತಂದಿದ್ದರು.

"ಮಂಗಳವಾರ ಬಂದು ಎಲ್ಲಾ ದೊಡ್ಡ ಡಿಸ್ಕಿಗೆ ಇಳಿಸ್ತೀನ್ರೀ," ಎಂದಳು ದೀಪಿಕಾ.

ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಗಿರಣಿಯ ಹಿರಿಯರು ಅದೇ ನೇಮವನ್ನು ಮಾಳಿಗೆಗೂ ಹಾಕಿದ್ದರು. ಭಾನುವಾರ ಕೆಲಸ, ಸೋಮವಾರ ಬಾಗಿಲು ಬಂದ್. ದೀಪಿಕಾಳ ಅಪ್ಪ ಇವತ್ತಿಗೂ ಸೋಮವಾರ ಹೊಲಕ್ಕೆ ಹೋಗುವುದಿಲ್ಲ. ಅವಳೂ ಸೋಮವಾರ ಕಂಪ್ಯೂಟರು ಮುಟ್ಟುವವಳಲ್ಲ. ಹೊಸ ಏರ್ಪಾಟನ್ನು ಬಳಕೆಗೆ ತರುವ ಮೊದಲು ಅವಳು ವಾರದ ಆರು ದಿನವೂ ಪರೀಕ್ಷಿಸಿ ನೋಡಿದ್ದಳು. ಏಳನೆಯ ದಿನ ನೋಡಿರಲಿಲ್ಲ. ಎಲ್ಲಿಂದಲೋ ತಂದ ಮಾದರಿ ಫೈಲಿನಲ್ಲಿ ರಜೆಯ ದಿನವೆಂದು ಭಾನುವಾರವನ್ನೇ ಬರೆದಿತ್ತು. ಆ ಸಾಲು ಹಾಗೆಯೇ ಉಳಿದಿತ್ತು. ಯಂತ್ರ ಭಾನುವಾರವನ್ನು ಬಿಟ್ಟು, ಸೋಮವಾರದ ಇಪ್ಪತ್ನಾಲ್ಕು ತಾಸನ್ನು ಎಣಿಸಿತ್ತು.

ಮಂಗಳವಾರ ನಾನು ಮೆಟ್ಟಿಲು ಹತ್ತಿ ಬಂದಾಗ ದೀಪಿಕಾ ನಿಂತೇ ಇದ್ದಳು. ಪರದೆಯ ಮೇಲೆ ಗುರುಲಿಂಗಮ್ಮನ ಹೆಸರಿನ ಮಷೀನಿತ್ತು. ಅದು ಹುಟ್ಟಿದ್ದು ಸೋಮವಾರ ರಾತ್ರಿ ಹನ್ನೆರಡು ಗಂಟೆ ನಾಲ್ಕು ನಿಮಿಷಕ್ಕೆ. ಒಳಗೆ ಏನೂ ಇರಲಿಲ್ಲ.

"ಮತ್ತೊಮ್ಮೆ ಓದಿಸಿದರೆ," ಎಂದು ಬಾಯಿ ತೆರೆದವಳು ನಾನೇ ನಿಲ್ಲಿಸಿದೆ. ಆಪರೇಷನ್ ಮುಗಿದು ಒಂದು ದಿನವಾಗಿತ್ತು.

ಇಶ್ತಿಯಾಕ್ ಎರಡು ದಿನ ಆ ಡಿಸ್ಕನ್ನು ಜಾಲಾಡಿದರು. ಹಳೆಯದರ ಮೇಲೆಯೇ ಹೊಸದು ಬರೆದುಕೊಂಡಿತ್ತು. ಕೊನೆಗೆ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಇಲ್ಲ ಬೇಟಾ, ಖಲಾಸ್."

"ನಂದೇ ತಪ್ಪು ಚಾಚಾ. ನಾನೇ ಮಾಡೀನಿ."

"ಆ ಫೈಲು ನೀ ನನಗ ತೋರ್ಸಿದ್ದಿ. ನಾನೂ ನೋಡಿ ಹೂಂ ಅಂದೀನಿ. ಟ್ರಸ್ಟಿನವ್ರಿಗೆ ಹಂಗ ಬರದು ಕೊಟ್ಟೀನಿ. ಇಬ್ರದೂ ಹೆಸರು ಐತಿ."

ಅವರು ಆ ಫೈಲನ್ನು ನೋಡಿದ್ದೇ ಇಲ್ಲವೆಂದು ನನಗೆ ಗೊತ್ತಿತ್ತು.

ಗುರುಲಿಂಗಮ್ಮ ಮನೆಗೆ ಬಂದದ್ದು ಮೂರು ವಾರದ ಮೇಲೆ. ಫೋನಿನಲ್ಲಿ ಹೇಳುವ ಸುದ್ದಿಯಲ್ಲ ಎಂದು ದೀಪಿಕಾ ನನ್ನ ಜೊತೆ ಮಸ್ಕಿಗೆ ಬಂದಳು. ಕೇಂದ್ರದಲ್ಲಿ ಸಿದ್ಧವಿದ್ದ, ಯಾರದೋ ಹೆಂಗಸಿನ ದನಿಯೊಂದನ್ನು ಒಂದು ಫೋನಿಗೆ ಹಾಕಿ ತಂದಿದ್ದಳು. ದಾರಿಯುದ್ದಕ್ಕೂ ನೀರು ಕೂಡ ಕುಡಿಯಲಿಲ್ಲ.

ಗುರುಲಿಂಗಮ್ಮನ ಕುತ್ತಿಗೆಯಲ್ಲಿ ಒಂದು ತೂತು, ಮೂಗಿನಲ್ಲಿ ನಳಿಕೆ. ಅಮರಗುಂಡಪ್ಪ ಹೊಸ ಅಂಗಿ ಹಾಕಿಕೊಂಡು ಕಾದಿದ್ದ.

"ತಂದೀರೇನ್ರೀ ಅಕ್ಕೋರೆ? ಇಪ್ಪತ್ತೊಂದು ದಿನಾ ಆತು, ಮನ್ಯಾಗ ಯಾರೂ ಬೈದಿಲ್ಲ ನನಗ."

ದೀಪಿಕಾ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಏನನ್ನೂ ಮುಚ್ಚಲಿಲ್ಲ. ಅವನು ತಲೆ ಒಂದು ಕಡೆ ವಾಲಿಸಿ ಕೇಳಿದ.

"ಒಂದ ಸಾಲೂ ಉಳಿದಿಲ್ಲೇನು?"

"ಇಲ್ರೀ."

"ಬೈದದ್ದೂ?"

"ಇಲ್ರೀ ಅಪ್ಪಾರೆ."

ಗುರುಲಿಂಗಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ತೂತಿನಿಂದ ಉಸಿರು ಸಿಳ್ಳಿನಂತೆ ಬರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕೈ ಚಾಚಿ ಫೋನು ಕೇಳಿದಳು. ದೀಪಿಕಾ ಕೊಟ್ಟಳು. ಅವಳು ಒಂದೊಂದೇ ಅಕ್ಷರ ಒತ್ತಿದಳು.

"ಹುಡುಗಿ ಮುಖ ಬಾಡಿದೆ. ಮೊದಲು ಊಟ ಮಾಡಲಿ," ಎಂದಿತು ಫೋನು, ಎಳೆಯದಾದ, ನುಣುಪಾದ, ಯಾವ ಊರಿನದೂ ಅಲ್ಲದ ದನಿಯಲ್ಲಿ.

ಅಮರಗುಂಡಪ್ಪ ದನಿ ಬಂದ ಕಡೆಗೆ ಮುಖ ತಿರುಗಿಸಿದ. ಮತ್ತೆ ಈಚೆಗೆ ತಿರುಗಿಸಿಕೊಂಡ.

"ಬಂದ್ ಮಾಡ ಅದನ್ನ," ಎಂದ ಮೆಲ್ಲಗೆ. "ಅಕಿ ನನಗ ಗೊತ್ತಿಲ್ಲ."

ಗುರುಲಿಂಗಮ್ಮ ಫೋನನ್ನು ಮಗುಚಿ ನೆಲದ ಮೇಲಿಟ್ಟಳು. ಒಳಗೆ ಹೋಗಿ ಮೂರು ತಾಟು ತಂದಳು, ನಳಿಕೆಯಲ್ಲೇ ಊಟವಾಗುವ ಅವಳಿಗೆ ತಾಟು ಬೇಕಿರಲಿಲ್ಲ. ದೀಪಿಕಾಳ ರೊಟ್ಟಿಯ ಮೇಲೆ ತುಸು ಹೆಚ್ಚು ಬೆಣ್ಣೆ ಹಾಕಿದಳು. ಆಮೇಲೆ ಗಂಡನ ಎದುರು ಕೂತು ತಾಟಿನಲ್ಲಿ ರೊಟ್ಟಿಯಿದ್ದ ಕಡೆಯ ಅಂಚಿಗೆ ಬೆರಳಿನಿಂದ ಒಮ್ಮೆ ಬಡಿದಳು. ಅವನು ರೊಟ್ಟಿಗೆ ಕೈ ಹಾಕಿದ. ಪಲ್ಯವಿದ್ದ ಕಡೆ ಎರಡು ಸಲ ಬಡಿದಳು. ಅವನ ಕೈ ಪಲ್ಯ ಹುಡುಕುತ್ತ ನೀರಿನ ಲೋಟಕ್ಕೆ ತಾಗಿ ನೀರೆಲ್ಲ ಚೆಲ್ಲಿತು.

ಅವಳ ತುಟಿಗಳು ಆಡಿದವು. ಅದು ಬೈಗುಳವೇ. ನನಗೂ ದೀಪಿಕಾಳಿಗೂ ಕಂಡಿತು. ಅವನು ಒದ್ದೆ ಕೈ ಹಿಡಿದುಕೊಂಡು ಮುಂದಿನ ಬಡಿತಕ್ಕೆ ಕಾದಿದ್ದ.