ಅಡುಗೆಮನೆ ಲೈನು

ಕೋಲಾರದ ಹೊರಗಿನ ಆ ವಿಶ್ವವಿದ್ಯಾಲಯದಲ್ಲಿ ಹಾಸ್ಟೆಲಿಗೊಂದು ಬಾಯ್ಲರು, ಲ್ಯಾಬಿಗೊಂದು ಬಾಯ್ಲರು, ಗೆಸ್ಟ್ ಹೌಸಿಗೊಂದು ಎಂದು ಕಂಡಕಂಡಲ್ಲಿ ಇಟ್ಟು, ಡೀಸೆಲ್ಲು ಸುರಿದು ಸುರಿದು ಸಾಕಾಗಿತ್ತು. ಅವನ್ನೆಲ್ಲ ಕಿತ್ತುಹಾಕಿ ಒಂದೇ ಪ್ಲಾಂಟಿನ ಕಟ್ಟಡದಲ್ಲಿ ಕರೆಂಟು, ಆವಿ, ಬಿಸಿನೀರು, ಏಸಿಯ ತಣ್ಣೀರು ಎಲ್ಲವನ್ನೂ ಮಾಡಿ, ಅಲ್ಲಿಂದ ಪೈಪಿನಲ್ಲಿ ಕ್ಯಾಂಪಸ್ಸಿಗೆಲ್ಲ ಹರಿಸುವುದೆಂದು ತೀರ್ಮಾನವಾಯಿತು. ಆ ಸುದ್ದಿ ಕೇಳಿ ಪ್ರೊಫೆಸರುಗಳಿಗೂ ಆಗದಷ್ಟು ಸಂತೋಷವಾದದ್ದು ಹಾಸ್ಟೆಲ್ ಅಡುಗೆಮನೆಯ ಭಾರತಮ್ಮನಿಗೆ. ಅವಳಿಗೆ ಕರೆಂಟಾಗಲಿ ತಣ್ಣೀರಾಗಲಿ ಬೇಕಿರಲಿಲ್ಲ. ಆವಿ ಬೇಕಿತ್ತು. ಅದೂ ತನಗಲ್ಲ, ನಾದಿನಿ ಆಂಜಿನಮ್ಮನಿಗಾಗಿ.

ಗಂಡ ಸತ್ತು ಅಣ್ಣನ ಮನೆ ಸೇರಿದ್ದ ಆಂಜಿನಮ್ಮನನ್ನು ಈ ಕೆಲಸಕ್ಕೆ ಕರೆತಂದವಳು ಭಾರತಮ್ಮನೇ. ಇಬ್ಬರೂ ಬೆಳಗಿನ ಬಸ್ಸಿಗೆ ಸುಗಟೂರಿನಿಂದ ಬಂದು, ನೀಲಗಿರಿ ಸೌದೆಯ ಒಲೆಗಳ ಮುಂದೆ ನಿಂತು, ಹುಡುಗರಿಗೆ ಅನ್ನ, ಸಾರು, ಮುದ್ದೆ ಬೇಯಿಸುತ್ತಿದ್ದರು. ಹಸಿ ನೀಲಗಿರಿಯ ಹೊಗೆ ಆಂಜಿನಮ್ಮನ ಎದೆಗೆ ಇಳಿದಿತ್ತು. ಮಾತು ಮುಗಿಸುವಷ್ಟರಲ್ಲಿ ಉಸಿರು ಕಟ್ಟುತ್ತಿತ್ತು. ಡಾಕ್ಟರು, ಹೊಗೆಯ ಸಂಗ ಬಿಡಬೇಕು, ಇಲ್ಲವಾದರೆ ಕೆಲಸ ಬಿಡಬೇಕು ಎಂದು ಖಂಡಿತವಾಗಿ ಹೇಳಿಬಿಟ್ಟಿದ್ದರು. ಮೆಸ್ಸಿನ ಮ್ಯಾನೇಜರು ಒಳ್ಳೆಯವನೇ. ಆವಿ ಬರುವವರೆಗೂ ತರಕಾರಿ ಹೆಚ್ಚಿಕೊಂಡಿರಲಿ, ಆವಿ ಬಂದ ಮೇಲೆ ಎಲ್ಲರ ಹಾಗೆ ಅವಳೂ ಬೇಯಿಸಲಿ ಎಂದು ಒಪ್ಪಿದ್ದ. ಆವಿ ಬಂದರೆ ಆಂಜಿನಮ್ಮನ ಕೆಲಸ ಉಳಿಯುತ್ತಿತ್ತು, ಅಷ್ಟೇ ಲೆಕ್ಕ.

ನಕ್ಷೆ ತೋರಿಸುವ ಸಭೆಗೆ ಎಲ್ಲ ವಿಭಾಗದವರನ್ನೂ ಕರೆದರು. ಅಡುಗೆಮನೆಯ ಕಡೆಯಿಂದ ಭಾರತಮ್ಮ ಹೋದಳು. ಅಂದು ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ, ಅಪ್ಪ ತಾಳ ಹಾಕುತ್ತ ಹೇಳಿಕೊಟ್ಟಿದ್ದ ಪದ್ಯವನ್ನು ಎಂದಿಗಿಂತ ನಿಧಾನವಾಗಿ ಹೇಳಿಕೊಂಡೇ ಮನೆ ಬಿಟ್ಟಿದ್ದಳು. ನಕ್ಷೆ ಬರೆದ ಕನ್ಸಲ್ಟೆಂಟರು ದೂರದ ಊರಿನವರು, ಕನ್ನಡ ಬಾರದವರು. ಆಡಿದ್ದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಹೇಳಲು ಪಕ್ಕದಲ್ಲಿ ಯೂನಿವರ್ಸಿಟಿಯದೇ ಎಂಜಿನಿಯರು ಉಮಾಶಂಕರ್ ಕೂತಿದ್ದ. ಕ್ಯಾಲನೂರಿನ ಹುಡುಗ, ಇದೇ ಮೆಸ್ಸಿನಲ್ಲಿ ಉಂಡು ಓದಿದವನು. ಗೋಡೆಯ ಮೇಲಿನ ನಕ್ಷೆಯಲ್ಲಿ ಪ್ಲಾಂಟಿನಿಂದ ನೀಲಿ ಗೆರೆಗಳು ಹೊರಟು, ಕಟ್ಟಕಡೆಯದು ಅಡುಗೆಮನೆಗೆ ಬಂದು ಮುಟ್ಟಿತ್ತು. ಭಾರತಮ್ಮನ ಸರದಿ ಬಂದಾಗ ಎದ್ದು ಕೈಮುಗಿದಳು.

"ಸ್ವಾಮಿ, ಅಡುಗೆಮನೆ ಲೈನು ಮೊದ್ಲು ತೆಗೀರಿ. ಮಿಕ್ಕಿದ್ದೆಲ್ಲ ಆಮೇಲೆ ನೋಡ್ಕೋಬೋದು."

ಉಮಾಶಂಕರ್ ಇಂಗ್ಲಿಷಿನಲ್ಲಿ ಹೇಳಿದ. ಕನ್ಸಲ್ಟೆಂಟರು ಹುಬ್ಬೇರಿಸಿ ಮತ್ತೊಮ್ಮೆ ಕೇಳಿದರು. ಅವನು ಮತ್ತೊಮ್ಮೆ ಹೇಳಿದ. ಅವರು ನಕ್ಕು, ಕೆಂಪು ಪೆನ್ಸಿಲ್ ತೆಗೆದುಕೊಂಡು ಆ ಕೊನೆಯ ಗೆರೆಯ ಮೇಲೆ ಒಂದು ಗುರುತು ಹಾಕಿದರು. ತನ್ನ ಮಾತು ಮರೆತುಹೋಗದಿರಲಿ ಎಂದು ಗುರುತು ಹಾಕಿಕೊಂಡರು ಅಂತಲೇ ಭಾರತಮ್ಮ ತಿಳಿದಳು. ಸಂಜೆ ಬಸ್ಸಿನಲ್ಲಿ ಆಂಜಿನಮ್ಮನಿಗೆ ಅದನ್ನೇ ಹೇಳಿ ಹೇಳಿ ಹಿಗ್ಗಿದಳು.

ಕಟ್ಟಡ ಎದ್ದಿತು. ಬೆಳ್ಳಿಯ ಹಾಗೆ ಹೊಳೆಯುವ ತಗಡು ಸುತ್ತಿದ ಪೈಪುಗಳು ಲ್ಯಾಬಿಗೆ ಹೋದವು, ಹಾಸ್ಟೆಲಿಗೆ ಹೋದವು, ಗೆಸ್ಟ್ ಹೌಸಿಗೂ ಹೋದವು. ಅಡುಗೆಮನೆಯ ಕಡೆ ಒಂದು ಗುಂಡಿಯನ್ನೂ ತೋಡಲಿಲ್ಲ. ಭಾರತಮ್ಮ ಊಟದ ಹೊತ್ತಿನಲ್ಲಿ, ಪೈಪು ಜೋಡಿಸುವ ಓಬೇದುಲ್ಲಾನನ್ನು ನಿಲ್ಲಿಸಿ ಕೇಳಿದಳು. ಅವನು ಮುಳಬಾಗಿಲಿನವನು, ದಿನಾ ಅವಳ ಕೈಯಿಂದ ಸಾರು ಹಾಕಿಸಿಕೊಳ್ಳುತ್ತಿದ್ದವನು.

"ನಿಮ್ದು ಲೈನ್ ಡ್ರಾಯಿಂಗಲ್ಲೇ ಇಲ್ಲ ಅಕ್ಕಾ," ಎಂದ ಓಬೇದುಲ್ಲಾ. "ಲಾಲ್ ಪೆನ್ಸಿಲ್ ಹೊಡೆದ್ಬಿಟ್ಟವ್ರೆ. ನಿಮ್ದೇ ಕಿಚನ್‌ನೋರು ಬೇಡ ಅಂದ್ರಂತಲ್ಲ?"

ಯಾರು ಬೇಡ ಅಂದರು? ತಾನು ಆಡಿದ ಮಾತನ್ನು ಭಾರತಮ್ಮ ಮತ್ತೆ ಮತ್ತೆ ನಾಲಗೆಯ ಮೇಲೆ ತಂದುಕೊಂಡು ನೋಡಿದಳು. ಬಾಗಿಲು ತೆಗಿ ಅಂದರೆ ತೆರೆ. ಕಸ ತೆಗಿ ಅಂದರೆ ಎತ್ತಿ ಬಿಸಾಡು. ಬಾವಿಯಿಂದ ನೀರು ತೆಗೆಯುವುದೂ ತೆಗೆಯುವುದೇ, ಹಲ್ಲು ಕೀಳಿಸಿಕೊಂಡವನು ತೆಗೆಸಿದೆ ಅನ್ನುವುದೂ ಅದನ್ನೇ. ಮನೆಯಲ್ಲಾಡುವ ತೆಲುಗಿನಲ್ಲೂ ತೀಯಿ ಅಂದರೆ ಎರಡೂ ಆಗುತ್ತದೆ. ಅಡುಗೆಮನೆಗೆ ಲೈನು ತೆಗೀರಿ ಅನ್ನಬೇಕಿತ್ತು, ಅಡುಗೆಮನೆ ಲೈನು ತೆಗೀರಿ ಅಂದುಬಿಟ್ಟಿದ್ದಳು; ಎಳೆಯಿರಿ ಅಂದದ್ದು ಕಿತ್ತುಹಾಕಿ ಅಂತಾಗಿತ್ತು. ಪದ್ಯ ಹೇಳುವಾಗ ಅಕ್ಷರ ನುಂಗಿದರೆ ಅಪ್ಪ ತಾಳ ನಿಲ್ಲಿಸಿ ಸುಮ್ಮನೆ ಮುಖ ನೋಡುತ್ತಿದ್ದರು, ಸರಿಯಾಗಿ ಹೇಳುವವರೆಗೂ ಮುಂದಕ್ಕೆ ಹೋಗುತ್ತಿರಲಿಲ್ಲ. ಆ ಸಭೆಯಲ್ಲಿ ತಾಳ ನಿಲ್ಲಿಸುವವರು ಯಾರೂ ಇರಲಿಲ್ಲ.

ತಪ್ಪು ತಿಳಿದರೆ ತಿದ್ದಬಹುದು ಎಂದುಕೊಂಡು, ಸೆರಗಿನಲ್ಲಿ ಕೈಯೊರೆಸುತ್ತ ಪ್ಲಾಂಟಿಗೆ ಹೋದಳು. ಉಮಾಶಂಕರ್ ಬೆನ್ನು ಮಾಡಿ ನಿಂತು ಎಲೆಕ್ಟ್ರೀಷಿಯನ್‌ಗೆ ಹೇಳುತ್ತಿದ್ದ: "ಲೇ, ಆಫೀಸ್ ಲೈನು ಈ ಪ್ಯಾನೆಲ್‌ನಿಂದ ತೆಗಿಯೋ, ಆ ಕಡೆಯಿಂದ ಬೇಡ." ಎಲೆಕ್ಟ್ರೀಷಿಯನ್ ಒಂದು ಮಾತೂ ಕೇಳದೆ ಹೊಸ ವೈರು ಎಳೆಯಲು ಶುರುಮಾಡಿದ.

ಭಾರತಮ್ಮ ಅಲ್ಲೇ ನಿಂತುಬಿಟ್ಟಳು. ಕೇಳಬೇಕೆಂದು ಬಂದಿದ್ದರ ಉತ್ತರ ಕೇಳುವ ಮೊದಲೇ ಸಿಕ್ಕಿತ್ತು.

"ಉಮಾಶಂಕರಪ್ಪ, ಆವತ್ತು ನಾನು ಅಂದಿದ್ದು ನಿನಗೆ ಅರ್ಥವಾಗಿತ್ತು, ಅಲ್ವಾ?"

ಅವನು ತಿರುಗಿ ನೋಡಿ, ಎಲೆಕ್ಟ್ರೀಷಿಯನ್‌ನನ್ನು ಆಚೆ ಕಳಿಸಿದ. ಸುಳ್ಳು ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತೇನೋ.

"ಅಕ್ಕಾ, ಅಡುಗೆಮನೆ ಎಲ್ಲೋ ಮೂಲೇಲಿದೆ. ಅಲ್ಲೀಗಂಟ ಪೈಪ್ ಎಳೆದ್ರೆ ಅರ್ಧ ಆವಿ ದಾರೀಲೇ ತಣ್ಣಗಾಗ್ತದೆ. ಉಳಿತಾಯ ತೋರಿಸಿದ್ರೇನೇ ಈ ಪ್ಲಾಂಟಿಗೆ ಬೆಲೆ. ಕನ್ಸಲ್ಟೆಂಟ್ರಿಗೆ ಆ ಲೈನು ಮೊದ್ಲಿಂದ್ಲೂ ಬೇಡವಾಗಿತ್ತು, ಬಿಡಕ್ಕೆ ಒಂದು ನೆಪ ಬೇಕಿತ್ತು."

"ನಾನು ಕೊಟ್ಟೆ."

"ನೀವು ಆಡಿದ್ದನ್ನೇ ಹೇಳ್ದೆ ಅಕ್ಕಾ. ಒಂದಕ್ಷರ ಸೇರಿಸ್ಲಿಲ್ಲ."

ಮುಂದಿನ ವರ್ಷ ಬೇರೆ ಯೋಜನೆಯಲ್ಲಿ ನೋಡೋಣ ಎಂದು ಅವನು ಸಮಾಧಾನ ಹೇಳಿದ. ಮುಂದಿನ ವರ್ಷದವರೆಗೂ ಯಾರು ಉಸಿರಾಡಿಕೊಂಡಿರುತ್ತಾರೆ ಎಂದುಕೊಳ್ಳುತ್ತ ಅವಳು ಅಲ್ಲಿಂದ ಹೊರಟಳು. ಹಿಂದಿರುಗಿ ಬಂದು ಆಂಜಿನಮ್ಮನ ಪಕ್ಕ ಕೂತಾಗಲೂ ನಡೆದದ್ದನ್ನು ಹೇಳಲಾಗಲಿಲ್ಲ. ಲೈನು ಕೊಂಚ ತಡವಾಗುತ್ತದಂತೆ ಎಂದಷ್ಟೇ ಹೇಳಿದಳು. ಆಂಜಿನಮ್ಮ ಹುರುಳಿಕಾಯಿ ನಾರು ಬಿಡಿಸುತ್ತ, "ಪರ್ವಾಲೇದು ವದಿನಾ," ಪರವಾಗಿಲ್ಲ ಎಂದಳು. ಅತ್ತಿಗೆಯನ್ನು ಅವಳು ಯಾವತ್ತೂ ವದಿನಾ ಎಂದೇ ಕರೆಯುತ್ತಿದ್ದುದು.

ಪ್ಲಾಂಟಿನ ಉದ್ಘಾಟನೆಯ ದಿನ ದೊಡ್ಡ ಊಟ. ಕೈಗಳು ಸಾಲದೆ ಆಂಜಿನಮ್ಮನೂ ಒಲೆಯ ಮುಂದೆ ನಿಂತಳು. ಬೇಡವೆಂದರೂ ಕೇಳಲಿಲ್ಲ. ಇಷ್ಟು ದಿನ ಕೂತು ಉಂಡಿದ್ದೇನೆ, ಇವತ್ತೊಂದು ದಿನ ಎಂದಳು. ಮೂಗಿಗೆ ಸೆರಗು ಕಟ್ಟಿಕೊಂಡು ಅವರೆಕಾಳಿನ ಸಾರು ಕುದಿಸಿದಳು. ನಡುನಡುವೆ ಹೊರಗೆ ಹೋಗಿ ಗೋಡೆ ಹಿಡಿದು ಉಸಿರೆಳೆದುಕೊಂಡು ಬರುತ್ತಿದ್ದಳು.

ಊಟವಾದ ಮೇಲೆ ಕುಲಪತಿಗಳು ಅಡುಗೆಯವರನ್ನು ನೋಡಬೇಕೆಂದು ಒಳಗೇ ಬಂದರು. ಹಿಂದೆ ಉಮಾಶಂಕರ್ ಇದ್ದ. ಕುಲಪತಿಗಳು ವಯಸ್ಸಾದವರು, ಮೆತ್ತಗಿನ ಮಾತಿನವರು, ಮನಸ್ಸಿಟ್ಟೇ ಮಾತಾಡಿದರು.

"ಭಾರತಮ್ಮ ಅಂದ್ರೆ ಯಾರಮ್ಮಾ? ನೀವೇನಾ? ಆವಿ ಅಡುಗೆ ಬೇಡ, ನಮ್ಮ ಸೌದೆ ಒಲೆನೇ ಇರ್ಲಿ ಅಂತ ಸಭೇಲಿ ಧೈರ್ಯವಾಗಿ ಹೇಳಿದ್ರಂತೆ. ಈ ಸಾರು ಉಂಡ ಮೇಲೆ ಗೊತ್ತಾಯ್ತು, ನೀವು ಹೇಳಿದ್ದೇ ಸರಿ."

ಹೆಂಗಸರೆಲ್ಲ ಭಾರತಮ್ಮನ ಕಡೆ ತಿರುಗಿದರು. ಉಮಾಶಂಕರ್ ಹೊರಗೆಲ್ಲೋ ನೋಡುತ್ತಿದ್ದ. ಅಲ್ಲೇ ಹೇಳಿಬಿಡಬೇಕಿತ್ತು. ಆದರೆ ಅಷ್ಟು ದೊಡ್ಡವರು ಕೈಮುಗಿದು ನಿಂತಿರುವಾಗ ನೀವು ತಿಳಿದದ್ದು ತಪ್ಪು ಎನ್ನಲು ಅವಳ ನಾಲಗೆಗೆ ಅಭ್ಯಾಸವಿರಲಿಲ್ಲ. ತಾನೂ ಕೈಮುಗಿದಳು. ಕೈಮುಗಿದರೆ ಹೌದು ಎಂದ ಹಾಗೆ ಎಂಬುದು ಅವರು ಹೋದ ಮೇಲೆ ಹೊಳೆಯಿತು.

ಆಂಜಿನಮ್ಮ ಮೂಗಿನ ಸೆರಗನ್ನು ಇಳಿಸಿದಳು.

"ವದಿನಾ, ನುವ್ವೇ ಒದ್ದನ್ನಾವಾ?" ಎಂದಳು, ಮನೆಮಾತಿನಲ್ಲಿ. ನೀನೇ ಬೇಡ ಎಂದೆಯಾ ಎಂದು.

"ಇಲ್ಲ ಕಣೇ, ನಾನು... ತೆಗೀರಿ ಅಂದೆ."

ಹೇಳಿದ ಮೇಲೆ ಆ ಮಾತು ತನ್ನ ಕಿವಿಗೂ ಬೇರೆಯಾಗಿಯೇ ಕೇಳಿತು. ಬಿಡಿಸಿ ಹೇಳಲು ಹೊರಟಳು. ಅಷ್ಟರಲ್ಲಿ ಆಂಜಿನಮ್ಮನಿಗೆ ಕೆಮ್ಮು ಒತ್ತರಿಸಿ ಬಂದಿತ್ತು. ಕೆಮ್ಮು ನಿಂತ ಮೇಲೆ, ತಡವಾಗುತ್ತೆ ಅಂತ ಯಾಕೆ ಹೇಳಿದೆ ಎಂದಷ್ಟೇ ಕೇಳಿದಳು. ಮ್ಯಾನೇಜರು ಬಂದು, ಇನ್ನು ಆವಿಯಂತೂ ಬರುವುದಿಲ್ಲ, ನಾಳೆಯಿಂದ ತರಕಾರಿಗೆ ಬೇರೆಯವರು ಬರುತ್ತಾರೆ, ಆಂಜಿನಮ್ಮ ಮನೆಯಲ್ಲಿ ಆರೋಗ್ಯ ನೋಡಿಕೊಳ್ಳಲಿ ಎಂದು ನೆಲ ನೋಡಿಕೊಂಡು ಹೇಳಿ ಹೋದ.

ಪಾತ್ರೆ ಒಪ್ಪಿಸಿ ಭಾರತಮ್ಮ ಸ್ಟ್ಯಾಂಡಿಗೆ ಓಡುವಷ್ಟರಲ್ಲಿ ಬಸ್ಸು ಹೊರಡುವುದರಲ್ಲಿತ್ತು. ಆಂಜಿನಮ್ಮ ಆಗಲೇ ಕಿಟಕಿಯ ಪಕ್ಕ ಕೂತಿದ್ದಳು. ಪಕ್ಕದ ಸೀಟಿನ ಮೇಲೆ ತನ್ನ ಚೀಲ ಇಟ್ಟಿದ್ದಳು. ಅತ್ತಿಗೆ ಹತ್ತಿದ್ದನ್ನು ನೋಡಿದಳು, ಚೀಲ ಎತ್ತಲಿಲ್ಲ.

ಭಾರತಮ್ಮ ಕಂಬಿ ಹಿಡಿದುಕೊಂಡು ಸುಗಟೂರಿನವರೆಗೂ ನಿಂತೇ ಬಂದಳು.