ಮೆತ್ತಪ್ಪನವರ ಗಟ್ಟಿ ಹಾಸಿಗೆ

ಹುಟ್ಟಲಿರುವ ಮಗು ಒಂದು ಮೊಳ. ಅದು ಮಲಗುವುದಕ್ಕೆಂದು ಮೆತ್ತಪ್ಪನವರ ಮನೆಯಲ್ಲಿ ಸೇರಿದ ಸಾಮಾನು ಒಂದು ಗಾಡಿ.

ಮೆತ್ತಪ್ಪನವರು ನನ್ನ ಪಕ್ಕದ ಅಂಗಡಿಯವರು, ಹಾಸಿಗೆ ಹೊಲಿಯುತ್ತಾರೆ. ಅಂಗಡಿಯ ಹಿಂದೆಯೇ ಅವರ ಮನೆ. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಈಗ ಅದು ಅವರ ಹೆಂಡತಿಗೂ ತಕ್ಷಣ ನೆನಪಾಗುವುದಿಲ್ಲ. ಅವರ ಹಾಸಿಗೆಗಳು ಅಷ್ಟು ಮೆತ್ತಗೆ ಇರುತ್ತವೆಂದು ಬೀದಿಯವರೇ ಸೇರಿ ಇಟ್ಟ ಹೆಸರಿದು. ನಾನು ಟೈಲರ್. ನಮ್ಮಿಬ್ಬರ ಅಂಗಡಿಗಳ ನಡುವೆ ಇರುವುದು ತೆಳ್ಳನೆಯ ಹಲಗೆ ಗೋಡೆ. ಅವರು ಆ ಕಡೆ ಸೀನಿದರೆ ಈ ಕಡೆ ನನ್ನ ಹೊಲಿಗೆ ವಕ್ರವಾಗುತ್ತದೆ. ಹಾಗಾಗಿ ಈ ಕಥೆಯನ್ನು ನನಗೆ ಬೇರೆ ಯಾರೂ ಬಂದು ಹೇಳಬೇಕಾಗಲಿಲ್ಲ.

ಮೆತ್ತಪ್ಪನವರ ಕೆಲಸದಲ್ಲಿ ಒಂದು ಪರೀಕ್ಷೆ ಇದೆ. ಹಾಸಿಗೆ ಹೊಲಿದು ಮುಗಿಸಿದ ಮೇಲೆ ಮುಷ್ಟಿ ಬಿಗಿದು ಅದರ ನಡುಮಧ್ಯಕ್ಕೆ ಒತ್ತುತ್ತಾರೆ. ಮುಷ್ಟಿ ಮಣಿಕಟ್ಟಿನವರೆಗೆ ಮುಳುಗಬೇಕು. ಮುಳುಗದಿದ್ದರೆ ಹೊಲಿಗೆ ಬಿಚ್ಚಿ, ಹತ್ತಿ ಹೊರಗೆ ತೆಗೆದು, ಮತ್ತೆ ಹಿಂಜಿ ತುಂಬುತ್ತಾರೆ. ಗಿರಾಕಿ ಎಷ್ಟೇ ಅವಸರ ಮಾಡಲಿ, ಮುಷ್ಟಿ ಮುಳುಗದ ಹಾಸಿಗೆ ಅವರ ಅಂಗಡಿಯ ಹೊಸ್ತಿಲು ದಾಟಿದ್ದಿಲ್ಲ.

ಅವರಿಗೆ ಒಬ್ಬಳೇ ಮಗಳು. ಮದುವೆಯಾಗಿ ಬಹಳ ಕಾಲ ಕಾದ ಮೇಲೆ ಬಸುರಿಯಾದಳು. ಮೊಮ್ಮಗು ಬರುತ್ತದೆಂದು ತಿಳಿದ ದಿನ ಮೆತ್ತಪ್ಪನವರು ಅಂಗಡಿಯಲ್ಲಿ ಇದ್ದುದರಲ್ಲೇ ಒಳ್ಳೆಯ ಹತ್ತಿಯನ್ನು ಬೇರೆ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಯಾರೂ ಮುಟ್ಟಬಾರದೆಂದು ಅಟ್ಟದ ಮೇಲಿಟ್ಟರು. ಆಮೇಲೆ ನಾವ್ಯಾರೂ ಕಾಣದ ಹಾಗೆ ಮೂಗು ಒರೆಸಿಕೊಂಡರು. ನಾನು ಕಂಡೆ.

ಅಳಿಯ ಬಡಗಿ. ಮಾವನ ಮನೆಯಲ್ಲೇ ಇರುತ್ತಾನೆ, ಬಾಗಿಲು ಕಿಟಕಿ ಮಾಡುತ್ತಾನೆ, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾನೆ. ಅವನು ಮಗುವಿಗೆಂದು ಒಂದು ಪುಟ್ಟ ಮಂಚ ಮಾಡಿದ. ನಾಲ್ಕು ಕಡೆ ಒತ್ತೊತ್ತಾಗಿ ನಿಲ್ಲಿಸಿದ ಪಟ್ಟಿಗಳು, ಮಗುವಿನ ತಲೆ ಎಲ್ಲೂ ತೂರದ ಹಾಗೆ. ಕೆಳಗೆ ಸಮನಾದ ಹಲಗೆ. ಮತ್ತೇನೂ ಇಲ್ಲ.

ಮೆತ್ತಪ್ಪನವರು ಅದರ ಸುತ್ತ ಒಂದು ಸುತ್ತು ಬಂದರು. "ಕೋಳಿ ಗೂಡು ಯಾರಿಗೆ ಮಾಡಿದ್ದಪ್ಪ?"

"ಮಗೂಗೆ, ಮಾವ."

"ಸರಿ. ಇದನ್ನ ಮನೆ ಥರ ಮಾಡೋದು ನನಗಿರಲಿ ಬಿಡು."

ಮಾಡಿದರು. ಅಟ್ಟದ ಚೀಲ ಇಳಿಯಿತು. ಹಾಸಿಗೆ ಎಷ್ಟು ಉಬ್ಬಿತೆಂದರೆ ಮಂಚದ ಪಟ್ಟಿಗಳು ಅರ್ಧ ಮುಚ್ಚಿಹೋದವು. ಎಡಕ್ಕೊಂದು ಬಲಕ್ಕೊಂದು ಉದ್ದ ದಿಂಬು, ಮಗು ಉರುಳಬಾರದೆಂದು. ತಲೆ ಗುಂಡಗಾಗಲೆಂದು ಅವರ ಹೆಂಡತಿ ನಡುವೆ ಗುಳಿಯಿರುವ ಇನ್ನೊಂದು ದಿಂಬು ಹೇಳಿ ಮಾಡಿಸಿದರು. ಮೇಲೆ ಹತ್ತಿ ತುಂಬಿದ ಹೊದಿಕೆ. ಸುತ್ತ ಪಟ್ಟಿಗಳಿಗೆ ಕಟ್ಟಲು ಮೆತ್ತೆ, ಆ ಮೆತ್ತೆಯ ಅಂಚಿಗೆ ನೆರಿಗೆಯ ಝಾಲರು. ಝಾಲರು ಹೊಲಿಯುವ ಪುಣ್ಯ ನನ್ನದು. ಮೂರು ಸಾಲು ನೆರಿಗೆ ಬೇಕೆಂದು ಹಟ ಹಿಡಿದರು. ಮಹಾರಾಣಿಯ ಲಂಗಕ್ಕೂ ನಾನು ಅಷ್ಟು ನೆರಿಗೆ ಕೊಡುವವಳಲ್ಲ.

ಅಳಿಯ ಬಂದು ನೋಡಿದ. "ಮಾವ, ಮಗು ಎಲ್ಲಿಡೋದು?"

"ನಡುವೆ ಎಲ್ಲಾದ್ರೂ ಜಾಗ ಮಾಡ್ಕೊಳ್ಳುತ್ತೆ ಬಿಡಪ್ಪ."

ದಿನ ತುಂಬುತ್ತಾ ಬಂದಾಗ ಆರೋಗ್ಯ ಕೇಂದ್ರದ ನರ್ಸಮ್ಮ ಮಗಳನ್ನು ನೋಡಲು ಮನೆಗೆ ಬಂದರು. ಒರಟು ದನಿ, ಮೃದು ಕೈ. ಬಿ.ಪಿ. ನೋಡಿದರು, ಕಾಲಿನ ಊತ ಒತ್ತಿ ನೋಡಿದರು, ಊಟ ನಿದ್ದೆ ವಿಚಾರಿಸಿದರು. ಕೊನೆಗೆ, "ಮಗು ಎಲ್ಲಿ ಮಲಗುತ್ತೆ?" ಎಂದರು.

ಮೆತ್ತಪ್ಪನವರು ಈ ಪ್ರಶ್ನೆಗೇ ಕಾಯುತ್ತಿದ್ದರು. ಎದೆ ಉಬ್ಬಿಸಿಕೊಂಡು ಒಳಕೋಣೆಗೆ ಕರೆದುಕೊಂಡು ಹೋದರು. ಝಾಲರಿಗೆ ಕೊನೆಯ ಹೊಲಿಗೆ ಹಾಕುತ್ತಿದ್ದ ನಾನೂ ಅಲ್ಲೇ ಇದ್ದೆ. ನರ್ಸಮ್ಮ ಮಂಚವನ್ನು ನೋಡಿ ಕೈಚೀಲ ಕೆಳಗಿಟ್ಟರು.

"ಟೈಲರಮ್ಮ, ಸ್ವಲ್ಪ ಕೈ ಚಾಚಿ," ಎಂದರು.

ಚಾಚಿದೆ. ಎಡಗಡೆಯ ಉದ್ದ ದಿಂಬು ಬಂದು ನನ್ನ ಕೈಮೇಲೆ ಕೂತಿತು. ಅದರ ಮೇಲೆ ಬಲಗಡೆಯದು.

"ಅದು, ಮಗು ಉರುಳದೆ ಇರ್ಲಿ ಅಂತ ಇಟ್ಟಿದ್ದು," ಎಂದರು ಮೆತ್ತಪ್ಪನವರು.

"ಆಗ ತಾನೆ ಹುಟ್ಟಿದ ಮಗು ಎಲ್ಲಿಗೆ ಉರುಳುತ್ತೆ ಸ್ವಾಮಿ? ಮುಖ ದಿಂಬಿಗೆ ತಾಗಿದ್ರೆ ಈ ಕಡೆ ತಿರುಗಿಸ್ಕೊಳ್ಳೋಕೂ ಅದಕ್ಕೆ ಬರಲ್ಲ."

ಹೊದಿಕೆ ಬಂತು. "ಚಳಿಯಾದ್ರೆ?" ಎಂದರು ಹೆಂಡತಿ.

"ಮೈಗೆ ಒಂದು ಬಟ್ಟೆ ಜಾಸ್ತಿ ಹಾಕಿ, ಅಮ್ಮ. ಸಡಿಲವಾದ ಹೊದಿಕೆ ಜಾರಿ ಮುಖದ ಮೇಲೆ ಬಂದ್ರೆ ಅದು ತೆಗೆದುಹಾಕುತ್ತಾ? ಮೈ ಬೆವರೋ ಹಾಗೆ ಸುತ್ತಿಡೋದೂ ಬೇಡ. ಮಲಗಿದಾಗ ತಲೆಗೆ ಟೋಪಿನೂ ಬೇಡ."

ತಲೆ ಗುಂಡಗೆ ಮಾಡುವ ದಿಂಬು ಬಂತು. "ತಲೆ ಒಂದೊಂದು ಸಲ ಒಂದೊಂದು ಕಡೆ ತಿರುಗಿಸಿ ಮಲಗಿಸಿ. ಮಗು ಎಚ್ಚರ ಇದ್ದಾಗ ನೀವು ಮುಂದೆ ಕೂತು ಬೋರಲು ಹಾಕಿ ಆಡಿಸಿ. ಅಷ್ಟು ಸಾಕು. ದಿಂಬು ಯಾವ ಥರದ್ದೂ ಬೇಡ."

ಆಮೇಲೆ ಸುತ್ತಲಿನ ಮೆತ್ತೆ. ಅದರ ಜೊತೆ ನನ್ನ ಮೂರು ಸಾಲು ನೆರಿಗೆ. ನರ್ಸಮ್ಮ ಅದನ್ನು ಬಿಚ್ಚುವಾಗ ನನ್ನ ಮುಖ ನೋಡಿ, "ಹೊಲಿಗೆ ಚೆನ್ನಾಗಿದೆ," ಎಂದರು. ರಾಶಿ ನನ್ನ ಗಲ್ಲದವರೆಗೆ ಬಂದಿತ್ತು, ಉತ್ತರ ಕೊಡಲು ಬಾಯಿ ತೆರೆದರೆ ಝಾಲರು ಒಳಗೆ ಹೋಗುತ್ತಿತ್ತು.

"ಮಲಗಿಸೋದು ಯಾವಾಗಲೂ ಅಂಗಾತ," ಎಂದರು ನರ್ಸಮ್ಮ. "ಹಗಲಾಗ್ಲಿ ರಾತ್ರಿಯಾಗ್ಲಿ. ಬೋರಲೂ ಬೇಡ, ಮಗ್ಗುಲೂ ಬೇಡ."

"ಅಂಗಾತ ಮಲಗಿಸಿದ್ರೆ ಕಕ್ಕಿದ ಹಾಲು ಗಂಟಲಿಗೆ ಸಿಕ್ಕಲ್ವಾ?" ಹೆಂಡತಿ ಬಿಡಲಿಲ್ಲ.

"ಎಲ್ಲರೂ ಇದನ್ನೇ ಕೇಳ್ತಾರೆ. ಆರೋಗ್ಯವಾಗಿರೋ ಮಗು ನುಂಗುತ್ತೆ, ಇಲ್ಲ ಕೆಮ್ಮಿ ಆಚೆ ಹಾಕುತ್ತೆ. ಅಂಗಾತ ಇದ್ದಾಗ ಉಸಿರಿನ ಕೊಳವೆ ಮೇಲಿರುತ್ತೆ, ಹಾಲು ಇಳಿಯೋ ಕೊಳವೆ ಕೆಳಗಿರುತ್ತೆ. ಬೋರಲು ಮಲಗಿದ್ರೇನೇ ತೊಂದರೆ."

ಮಂಚದಲ್ಲಿ ಈಗ ಉಳಿದದ್ದು ಹಾಸಿಗೆ ಮಾತ್ರ. ನರ್ಸಮ್ಮ ಅದಕ್ಕೆ ಕೈ ಹಾಕಿದರು. ಮೆತ್ತಪ್ಪನವರು ಅಡ್ಡ ನಿಂತರು.

"ಅದನ್ನ ಮುಟ್ಟಬೇಡಿ, ಸಿಸ್ಟರ್. ಎಳೇ ಮೂಳೆ, ಎಳೇ ಮೈ. ಇದಕ್ಕಿಂತ ಮೆತ್ತಗಿರೋ ಹಾಸಿಗೆ ಯಾವ ಊರಲ್ಲೂ ಸಿಗಲ್ಲ."

"ಅದೇ ನನಗೆ ಭಯ ಆಗಿರೋದು. ನಾನೂ ನಿಮ್ಮ ಹಾಸಿಗೆ ಮೇಲೇ ಮಲಗೋದು, ನನ್ನ ಸೊಂಟ ನಿಮಗೆ ದಿನಾ ನಮಸ್ಕಾರ ಹೇಳುತ್ತೆ. ಆದ್ರೆ ನಾನು ದೊಡ್ಡವಳು."

"ನನ್ನ ಹಾಸಿಗೆಲಿ ಇಷ್ಟು ವರ್ಷದಲ್ಲಿ ಯಾರಿಗೂ ಉಸಿರು ಕಟ್ಟಿಲ್ಲ," ಎಂದರು ಮೆತ್ತಪ್ಪನವರು. ಮುಖ ಕೆಂಪಾಗಿತ್ತು. "ಬೇಕಾದ್ರೆ ನಾನೇ ಮುಖ ಅಡಿ ಮಾಡಿ ಮಲಗಿ ತೋರಿಸ್ತೀನಿ."

"ತೋರಿಸಿ," ಎಂದರು ನರ್ಸಮ್ಮ. "ಆದ್ರೆ ಮಗು ಥರ ಮಲಗಬೇಕು. ಕತ್ತು ಎತ್ತಬಾರದು, ಮುಖ ತಿರುಗಿಸಬಾರದು, ಕೈ ಊರಬಾರದು. ಕಷ್ಟ ಆದ್ರೆ ಎದ್ದುಬಿಡಿ."

ಹಾಸಿಗೆ ನೆಲಕ್ಕೆ ಇಳಿಯಿತು. ಮೆತ್ತಪ್ಪನವರು ಮಂಡಿ ಊರಿ, ಪಂಚೆ ಸರಿಮಾಡಿಕೊಂಡು, ತಮ್ಮ ಜೀವಮಾನದ ಒಳ್ಳೆಯ ಹತ್ತಿಯೊಳಗೆ ಮುಖ ಇಟ್ಟರು. ಕಿವಿಯವರೆಗೆ ಮುಳುಗಿದರು.

"ಹೇಗಿದೆ?" ಎಂದರು ನರ್ಸಮ್ಮ.

"ಮ್ಮ್. ಮ್ಮ್ಮ್."

"ಏನಂದ್ರು?" ಎಂದು ನರ್ಸಮ್ಮ ನಮ್ಮ ಕಡೆ ತಿರುಗಿದರು.

"ಸುಖವಾಗಿದೆ ಅಂದ್ರೇನೋ," ಎಂದರು ಹೆಂಡತಿ.

ಕಿವಿಗಳು ಮೊದಲು ಕೆಂಪಾದವು. ಆಮೇಲೆ ಕಾಲಿನ ಹೆಬ್ಬೆರಳು ನೆಲವನ್ನು ಕೆರೆಯಿತು. ಆಮೇಲೆ ಮೆತ್ತಪ್ಪನವರು ಎರಡೂ ಕೈ ಊರಿ ಧಡಕ್ಕನೆ ಎದ್ದು ಕೂತು, ಬಾಯಿ ತೆರೆದು ಗಾಳಿ ಎಳೆದುಕೊಂಡರು. ಮೀಸೆಯಲ್ಲಿ ಹತ್ತಿ ಅಂಟಿತ್ತು. ಹೆಂಡತಿಗೆ ನಗು ಉಕ್ಕಿ ಬಂತು, ಗಂಡನ ಕಣ್ಣು ನೋಡಿ ಅಲ್ಲೇ ನಿಂತಿತು.

ನರ್ಸಮ್ಮನ ಒರಟು ದನಿ ತಗ್ಗಿತು. "ನಿಮಗೆ ಕತ್ತು ಎತ್ತೋ ಶಕ್ತಿ ಇತ್ತು, ಎತ್ತಿದ್ರಿ. ಮಗೂಗೆ ಅದಿಲ್ಲ. ಅಳೋಣ ಅಂದ್ರೂ ಬಾಯಿ ಹತ್ತಿಯೊಳಗಿರುತ್ತೆ. ಪಕ್ಕದಲ್ಲೇ ಕೂತಿರೋ ನಿಮಗೂ ಕೇಳಿಸಲ್ಲ. ಮಗು ಚೆನ್ನಾಗಿ ನಿದ್ದೆ ಮಾಡ್ತಿದೆ ಅಂದ್ಕೊಳ್ತೀರಿ."

ಬಾಗಿಲಲ್ಲಿ ನಿಂತಿದ್ದ ಮಗಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ಅಪ್ಪ, ನನಗೆ ನನ್ನ ಮಗು ಬೇಕು. ಹಾಸಿಗೆ ಹೇಗಾದ್ರೂ ಇರ್ಲಿ," ಎಂದಳು.

ಮೆತ್ತಪ್ಪನವರು ಮೀಸೆಯ ಹತ್ತಿ ಬಿಡಿಸಿಕೊಳ್ಳುತ್ತಾ ಕೂತರು. "ಹಾಗಾದ್ರೆ ನನ್ನ ಕೈಯಿಂದ ಮೊಮ್ಮಗೂಗೆ ಏನೂ ಬೇಡ," ಎಂದರು. ಜಗಳ ಮಾಡುವ ದನಿ ಅಲ್ಲ ಅದು.

"ಯಾರು ಹೇಳಿದ್ದು ಬೇಡ ಅಂತ?" ನರ್ಸಮ್ಮ ಅವರ ಪಕ್ಕದಲ್ಲೇ ನೆಲಕ್ಕೆ ಕೂತರು. "ಹಾಸಿಗೆ ಬೇಕು. ಗಟ್ಟಿಯಾಗಿರ್ಬೇಕು, ಸಮವಾಗಿರ್ಬೇಕು, ಒತ್ತಿದ್ರೆ ಗುಳಿ ಬೀಳಬಾರದು. ಈ ಮಂಚಕ್ಕೆ ಅಳೆದಿಟ್ಟ ಹಾಗೆ ಕೂರ್ಬೇಕು. ಬದಿಯಲ್ಲಿ ಸಂದಿ ಬಿಟ್ರೆ ಮಗು ಮುಖ ಅಲ್ಲಿ ಸಿಕ್ಕಿಕೊಳ್ಳುತ್ತೆ. ಮೇಲೆ ಬಿಗಿಯಾಗಿ ಒಂದು ಬಟ್ಟೆ, ಅಷ್ಟೇ. ಇದನ್ನ ನಿಮ್ಮಷ್ಟು ಚೆನ್ನಾಗಿ ಯಾರು ಮಾಡ್ತಾರೆ?"

"ಗಟ್ಟಿ ಹಾಸಿಗೆ," ಎಂದರು ಮೆತ್ತಪ್ಪನವರು. "ನನ್ನ ಅಂಗಡಿಯಿಂದ." ಯಾರೋ ಕಳ್ಳತನಕ್ಕೆ ಕರೆದ ಹಾಗಿತ್ತು ಅವರ ಮುಖ.

ಮರುದಿನ ಅವರ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಗಿರಾಕಿಗಳು ಕಂಡರೆ ಮಾನ ಹೋಗುತ್ತದಂತೆ. ಹಲಗೆ ಗೋಡೆಯ ಆ ಕಡೆ ತೆಂಗಿನ ನಾರು ಒತ್ತುವ ಸದ್ದು, ಬಡಿಯುವ ಸದ್ದು, ನಡುನಡುವೆ ಗೊಣಗಾಟ. ಅಳಿಯನ ಅಳತೆ ಟೇಪನ್ನು ಕೇಳಿ ಇಸಿದುಕೊಂಡರು. ಅವನಿಂದ ಅವರು ಏನಾದರೂ ಕೇಳಿ ಪಡೆದದ್ದು ಅದೇ ಮೊದಲು. ಮಂಚ ಅಳೆದರು, ನಂಬದೆ ಮತ್ತೆ ಅಳೆದರು. ಮುಗಿದ ಮೇಲೆ ಅಭ್ಯಾಸಬಲದಿಂದ ಮುಷ್ಟಿ ಬಿಗಿದು ಒತ್ತಿದರು. ಮುಳುಗಲಿಲ್ಲ. ಸಿಟ್ಟಿನಿಂದ ಗುದ್ದಿದರು. ಬೆರಳ ಗೆಣ್ಣು ನೋವಾಗಿ ಕೈ ಕೊಡವಿಕೊಂಡರು.

"ಪಾಸಾಯ್ತು, ಮಾವ," ಎಂದ ಅಳಿಯ.

ಹೆರಿಗೆಯಾಗಿ ಮಗಳು ಹೆಣ್ಣುಮಗುವನ್ನು ಎತ್ತಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದಳು. ಮಂಚ ಅವಳ ಹಾಸಿಗೆಯ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಒಂದೇ ಕೋಣೆ, ಬೇರೆ ಹಾಸಿಗೆ. ಹೊಗೆ ಮಗುವಿನ ಉಸಿರಿಗೆ ಕೆಟ್ಟದ್ದೆಂದು ನರ್ಸಮ್ಮ ಹೇಳಿದ ಮೇಲೆ ಮೆತ್ತಪ್ಪನವರ ಸಿಗರೇಟು ಮನೆಯಿಂದ ಗಡೀಪಾರಾಯಿತು. ಯಾರೋ ನೆಂಟರು ಮಗುವಿಗಿಂತ ದೊಡ್ಡ ಗೊಂಬೆ ಕರಡಿ ತಂದರು. ಅದನ್ನು ಅಂಗಡಿಯ ಗಲ್ಲಾದ ಹತ್ತಿರ ಕೂರಿಸಿದರು, ಈಗಲೂ ಅಲ್ಲೇ ಇದೆ, ಹೊಸ ಗಿರಾಕಿಗಳು ಅದರ ಹತ್ತಿರ ರೇಟು ಕೇಳುತ್ತಾರೆ. ಬಂದವರು "ಪಾಪ, ಕೂಸಿಗೆ ಒಂದು ದಿಂಬೂ ಇಲ್ವಾ?" ಎಂದರೆ ಸಾಕು, ಮೆತ್ತಪ್ಪನವರು ಮೈಮೇಲೆ ದೇವರು ಬಂದವರ ಹಾಗೆ ಶುರುಮಾಡುತ್ತಿದ್ದರು. ಅದೇ ಥರದ ಗಟ್ಟಿ ಹಾಸಿಗೆಯ ಒಂದು ತುಂಡನ್ನು ಅಂಗಡಿಯಲ್ಲಿಟ್ಟುಕೊಂಡು, ಎಲ್ಲರಿಂದಲೂ ಗುದ್ದಿಸಿ, ಕೈ ನೋಯಿಸಿಯೇ ಕಳಿಸುತ್ತಿದ್ದರು.

ಒಂದು ಮಧ್ಯಾಹ್ನ ಮಗಳು ಸ್ನಾನಕ್ಕೆ ಹೋಗಿದ್ದಳು, ಹೆಂಡತಿ ಬಟ್ಟೆ ಒಣಗಿಸಲು ಮಹಡಿಯ ಮೇಲಿದ್ದರು. ಮೆತ್ತಪ್ಪನವರು ಅಂಗಡಿಯ ಮೆತ್ತನೆಯ ಕುರ್ಚಿಯಲ್ಲಿ ಮೊಮ್ಮಗಳನ್ನು ಎದೆಗೆ ಒರಗಿಸಿಕೊಂಡು ಏನೋ ಹಾಡುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಹಾಡು ನಿಧಾನವಾಯಿತು. ಇನ್ನೂ ನಿಧಾನವಾಯಿತು. ನಿಂತಿತು. ಮರುಕ್ಷಣ ಬೀದಿಯೇ ಬೆಚ್ಚುವ ಹಾಗೆ ಕೂಗು ಬಂತು. "ಟೈಲರಮ್ಮ, ಬೇಗ ಬನ್ನಿ!"

ಕೈಲಿದ್ದ ಕತ್ತರಿ ಎಸೆದು, ಕೊರಳಲ್ಲಿ ಟೇಪಿನ ಸಮೇತ ಓಡಿದೆ. "ಏನಾಯ್ತು?"

"ನಿದ್ದೆ ಬರ್ತಾ ಇದೆ."

"ಯಾರಿಗೆ?"

"ನನಗೆ."

"ಅದಕ್ಕೆ ಬೀದಿ ಒಂದು ಮಾಡ್ಬೇಕಿತ್ತಾ?"

"ಈ ಕುರ್ಚಿ ತುಂಬಿದ್ದು ನಾನೇ ಕಣಮ್ಮ. ಇದರಲ್ಲಿ ಕೂತು ತೂಕಡಿಸದೆ ಎದ್ದವರಿಲ್ಲ. ನಾನು ನಿದ್ದೆ ಹೋಗಿ, ಇವಳು ಜಾರಿ ಸಂದಿಗೆ ಬಿದ್ರೆ? ತಗೊಳ್ಳಿ, ತಗೊಳ್ಳಿ, ಕಣ್ಣು ಮುಚ್ಚಿಹೋಗ್ತಿದೆ."

ಮಗುವನ್ನು ಎತ್ತಿಕೊಂಡು ಹೋಗಿ ಅದರ ಮಂಚದಲ್ಲಿ ಅಂಗಾತ ಮಲಗಿಸಿದೆ. ಖಾಲಿ ಮಂಚ, ಬಿಗಿದ ಬಟ್ಟೆ, ನಡುವೆ ಮಗು ಒಂದೇ. ಎರಡೂ ಮುಷ್ಟಿ ತಲೆಯ ಪಕ್ಕ ಚೆಲ್ಲಿ ನಿದ್ದೆ ಮಾಡಿತು. ಹೊಟ್ಟೆ ಏರುವುದು ಇಳಿಯುವುದು ಬಾಗಿಲಿನಿಂದಲೇ ಕಾಣುತ್ತಿತ್ತು. ಮೆತ್ತಪ್ಪನವರು ಕಣ್ಣುಜ್ಜಿಕೊಳ್ಳುತ್ತಾ ಹಿಂದೆಯೇ ಬಂದು, ಮೊಮ್ಮಗಳ ಪಕ್ಕದಲ್ಲಿ ಹಾಸಿಗೆಯನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿದರು.

"ಟೈಲರಮ್ಮ, ನಾನು ಇಷ್ಟು ವರ್ಷ ಹೊಲಿದಿದ್ರಲ್ಲಿ ಇದೇ ಒಳ್ಳೇ ಹಾಸಿಗೆ," ಎಂದರು. "ಯಾರಿಗೂ ಹೇಳ್ಬೇಡಿ. ವ್ಯಾಪಾರ ಕೆಡುತ್ತೆ."

ಹೇಳುತ್ತಿದ್ದೇನೆ. ನಿಮ್ಮ ಮನೆಗೂ ಮಗು ಬರುವುದಿದ್ದರೆ, ಅಥವಾ ಬಂದಾಗಿದ್ದರೆ, ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ಹೋಗಿ ಅದು ಮಲಗುವ ಜಾಗ ನೋಡಿ. ದಿಂಬು ಇದ್ದರೆ ತೆಗೆಯಿರಿ. ಗೊಂಬೆ, ಸಡಿಲ ಹೊದಿಕೆ, ಸುತ್ತಲಿನ ಮೆತ್ತೆ, ನನ್ನಂಥವಳು ಹೊಲಿದ ಝಾಲರು, ಎಲ್ಲ ತೆಗೆಯಿರಿ. ಮಗು ಒಂದೇ ಉಳಿಯುವವರೆಗೆ ತೆಗೆಯಿರಿ. ಹಾಸಿಗೆಯನ್ನು ಒತ್ತಿ ನೋಡಿ, ಗುಳಿ ಬಿದ್ದರೆ ಅದು ನಿಮಗಿರಲಿ. ಮಗುವನ್ನು ಅಂಗಾತ ಮಲಗಿಸಿ, ನಿಮ್ಮ ಕೋಣೆಯಲ್ಲೇ, ಅದರದೇ ಹಾಸಿಗೆಯಲ್ಲಿ. ಎತ್ತಿಕೊಂಡು ಕೂತಾಗ ನಿದ್ದೆ ಬಂದರೆ ನಾಚಿಕೊಳ್ಳದೆ ಯಾರನ್ನಾದರೂ ಕೂಗಿ. ಮಗು ಬೇಗ ಹುಟ್ಟಿದ್ದರೆ, ಉಸಿರಾಟದ ತೊಂದರೆ ಇದ್ದರೆ, ನಿಮ್ಮ ನರ್ಸಮ್ಮನನ್ನೋ ಡಾಕ್ಟರನ್ನೋ ಕೇಳಿ.

ಇಷ್ಟು ಹೇಳಿದ ಮೇಲೂ ಮನೆಯಲ್ಲಿ ಯಾರಾದರೂ "ಅಯ್ಯೋ, ಹಾಸಿಗೆ ಗಟ್ಟಿಯಾಯ್ತು" ಎಂದು ಗೊಣಗಿದರೆ ನಮ್ಮ ಬೀದಿಗೆ ಕಳಿಸಿಕೊಡಿ. ಆ ಹಳೆಯ ಮೆತ್ತನೆಯ ಹಾಸಿಗೆಯನ್ನು ಮೆತ್ತಪ್ಪನವರು ಇನ್ನೂ ಇಟ್ಟುಕೊಂಡಿದ್ದಾರೆ. ಮುಖ ಅಡಿ ಮಾಡಿ ಮಲಗಿಸಿ, "ಹೇಗಿದೆ?" ಎಂದು ಕೇಳುತ್ತಾರೆ.