ತಾರಸಿಗೂ ಒಂದು ಟ್ರಯಲ್

ನಮ್ಮ ಬಡಾವಣೆಯಲ್ಲಿ ಕರೆಂಟು ಹೋಗುವುದಕ್ಕೂ ಟೈಲರ್ ಅಕ್ಕ ಹೊಲಿಯಲು ಕೂರುವುದಕ್ಕೂ ಅದೇನು ನಂಟೋ ತಿಳಿಯದು. ಮಧ್ಯಾಹ್ನ ಊಟ ಮುಗಿಸಿ ಅವಳು ಮೋಟಾರ್ ಮೆಷಿನ್ನಿನ ಮುಂದೆ ಕೂತಳೆಂದರೆ ಫ್ಯಾನು ನಿಂತಿತೆಂದೇ ಲೆಕ್ಕ. ಹೋದ ವರ್ಷ ಶಾಲೆಯ ಸಮವಸ್ತ್ರ ಒಂದು ವಾರ ತಡವಾಯಿತು. ಮಕ್ಕಳು ಮೊದಲ ದಿನ ಬಣ್ಣಬಣ್ಣದ ಬಟ್ಟೆಯಲ್ಲಿ ಹೋದರು. ಅವರಿಗೇನೋ ಖುಷಿಯಾಯಿತು, ಹೆಡ್‌ಮೇಡಂಗೆ ಆಗಲಿಲ್ಲ. ಈ ಸಲವೂ ತಡವಾದರೆ ಕೆಲಸ ಬೇರೆಯವರಿಗೆ ಎಂದು ಹೇಳಿಬಿಟ್ಟಿದ್ದರು. ಅಕ್ಕನ ಜೊತೆ ಹೊಲಿಯುವ ಇನ್ನಿಬ್ಬರು ಹೆಂಗಸರ ಮನೆಯ ಒಲೆಯೂ ಅದೇ ಕೆಲಸದಿಂದ ಉರಿಯುತ್ತಿತ್ತು.

ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್, ಕೆಳಗೊಂದು ಬ್ಯಾಟರಿ ಹಾಕಿಸೋಣ ಎಂದು ಅಕ್ಕ ಬಾಯಿ ತೆರೆದಳು. ಗುಂಡಿ ಹಚ್ಚುತ್ತಾ ಕೂತಿದ್ದ ಅವಳ ಅತ್ತೆ ತಲೆಯನ್ನೂ ಎತ್ತಲಿಲ್ಲ.

"ನಿವಾಸಿಗಳ ಸಂಘದೋರು ಬಿಡಲ್ಲ ಕಣೆ. ಮೂಲೆಮನೆಯೋರು ಹಾಕಿಸಿ, ಆಮೇಲೆ ತಾವೇ ಕಿತ್ತಿದ್ದು ಮರೆತ್ಯಾ?"

ಮೂಲೆಮನೆಯವರ ಕಥೆ ಸುಳ್ಳಲ್ಲ. ಅವರು ಯಾರನ್ನೂ ಕೇಳದೆ, ರಜೆಯ ದಿನ ನೋಡಿಕೊಂಡು ಹಾಕಿಸಿದ್ದರು, ಸಂಘದ ನೋಟಿಸು ಬಂದ ಮೇಲೆ ಕಿತ್ತಿದ್ದರು. ಅಂದಿನಿಂದ ಈ ಬಡಾವಣೆಯಲ್ಲಿ ಸೋಲಾರ್ ಹಾಕುವಂತಿಲ್ಲ ಎಂಬ ಮಾತು ಎಲ್ಲರ ಬಾಯಲ್ಲೂ ಬಿದ್ದು ಗಟ್ಟಿಯಾಗಿತ್ತು.

ಆ ಸಂಜೆ ಅಕ್ಕನ ತಂಗಿ ಬಂದಳು. ಅವಳು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ಜೇಬಿನಲ್ಲಿ ಟೆಸ್ಟರ್ ಇಲ್ಲದೆ ನೆಂಟರ ಮನೆಗೂ ಹೋಗುವವಳಲ್ಲ. ಎಲ್ಲ ಕೇಳಿಸಿಕೊಂಡು, ನಿಯಮದ ಪುಸ್ತಕದಲ್ಲಿ ಏನಿದೆ ಎಂದಳು.

ಅತ್ತೆ ಸೊಸೆ ಇಬ್ಬರೂ ಅದನ್ನು ತೆರೆದೇ ನೋಡಿರಲಿಲ್ಲ. ಪುಸ್ತಕವೇನೋ ಮನೆಯಲ್ಲೇ ಇತ್ತು. ಇಲ್ಲಿಗೆ ಬಂದ ವರ್ಷ ಸಂಘದವರು ಕೊಟ್ಟದ್ದು, ಆರು ವರ್ಷದಿಂದ ಅಲುಗಾಡುವ ಮೆಷಿನ್ನಿನ ಕಾಲಡಿ ಸೇವೆ ಸಲ್ಲಿಸುತ್ತಿತ್ತು. ತಂಗಿ ಅದನ್ನು ಎಳೆದು, ಧೂಳು ಕೊಡವಿ, ಹದಿನೇಳನೆಯ ನಿಯಮ ಓದಿದಳು. ಸಂಘದ ಲಿಖಿತ ಒಪ್ಪಿಗೆ ಇಲ್ಲದೆ, ಬೀದಿಗೆ ಕಾಣುವಂತೆ ತಾರಸಿಯ ಮೇಲೆ ಏನನ್ನೂ ಕಟ್ಟುವಂತಿಲ್ಲ ಎಂದಿತ್ತು.

"ಬೇಡ ಅಂದಿಲ್ಲಮ್ಮ, ಕೇಳಿ ಮಾಡಿ ಅಂದಿದೆ. ಮೂಲೆಮನೆಯೋರು ಕೇಳಲಿಲ್ಲ. ನಾವು ಕೇಳೋಣ."

ಪ್ಯಾನೆಲ್ ಎಷ್ಟು, ಎಲ್ಲಿ, ಎಷ್ಟು ಎತ್ತರ, ವೈರಿಂಗ್ ಯಾರದು, ಎಲ್ಲ ಬರೆದು ತಂಗಿ ತಾರಸಿಯ ನಕ್ಷೆಯನ್ನೂ ಹಾಕಿಕೊಟ್ಟಳು. ಅರ್ಜಿ ಹಿಡಿದು ಅಕ್ಕ ಸಂಘದ ಕಾರ್ಯದರ್ಶಿಯ ಮನೆಗೆ ಹೋದಳು. ಅವರನ್ನು ಬೀದಿಯವರೆಲ್ಲ ಹಿಂದಿನಿಂದ ಬೇಡಣ್ಣ ಎನ್ನುತ್ತಾರೆ, ಏಕೆಂದರೆ ಯಾವ ಮಾತಿಗೂ ಅವರ ಮೊದಲ ಉತ್ತರ ಅದೇ. ಕೆಟ್ಟವರಲ್ಲ ಪಾಪ, ಬೀದಿ ಅಂದವಾಗಿರಬೇಕೆಂಬ ಹಟ. ಇವತ್ತು ಪ್ಯಾನೆಲ್ ಬಂದರೆ ನಾಳೆ ಮುರುಕು ಮಂಚವೂ ತಾರಸಿ ಏರುತ್ತದೆ, ಬೀದಿ ನೋಡುವ ಹಾಗಿರುತ್ತದೆಯೇ ಎಂದು ಕೇಳಿದರು.

"ಅಣ್ಣಾ, ಟ್ರಯಲ್ ನೋಡದೇನೇ ಬಟ್ಟೆ ಚೆನ್ನಾಗಿಲ್ಲ ಅಂತಾರಾ?" ಎಂದಳು ಅಕ್ಕ. "ಭಾನುವಾರ ಬನ್ನಿ, ನೋಡಿ ಹೇಳಿ."

ಸಮವಸ್ತ್ರದಲ್ಲಿ ಉಳಿದಿದ್ದ ನೀಲಿ ಬಟ್ಟೆಯನ್ನು ಅವಳು ಪ್ಯಾನೆಲ್ಲಿನದೇ ಅಳತೆಗೆ ಕತ್ತರಿಸಿ ಹೊಲಿದಳು. ಮರದ ಚೌಕಟ್ಟುಗಳಿಗೆ ಬಿಗಿದು, ತಂಗಿ ಹೇಳಿದ ಇಳಿಜಾರಿನಲ್ಲಿ ನಿಲ್ಲಿಸಿದಳು. ಭಾನುವಾರ ಹತ್ತಕ್ಕೆ ಸಂಘದವರೆಲ್ಲ ಬೀದಿಯಲ್ಲಿ ಕತ್ತೆತ್ತಿ ನಿಂತರು. ಬೇಡಣ್ಣ ಈ ತುದಿಯಿಂದ ಆ ತುದಿಗೆ ನಡೆದರು. ಎದುರು ಮನೆಯ ಮೆಟ್ಟಿಲು ಹತ್ತಿದರು, ಕನ್ನಡಕ ಒರೆಸಿ ಹಾಕಿಕೊಂಡರು.

"ಬಿಸಿಲು ಏರ್ತಿದೆ ಕಣಮ್ಮ. ಯಾವಾಗ ಇಡ್ತೀಯ?"

"ಬೆಳಿಗ್ಗೆ ಏಳಕ್ಕೇ ಇಟ್ಟಿದ್ದೀನಣ್ಣ."

ಇಡೀ ಬೀದಿ ನಕ್ಕಿತು. ಕೊನೆಗೆ ಬೇಡಣ್ಣನೂ ನಕ್ಕರು. ಆದರೂ ಬಿಡದೆ ತಾರಸಿ ಹತ್ತಿ, ನೀರಿನ ಟ್ಯಾಂಕಿನ ನೆರಳು ಒಂದು ಚೌಕಟ್ಟಿನ ಮೇಲೆ ಬೀಳುವುದನ್ನು ಕಂಡುಹಿಡಿದರು. ನೆರಳು ಬಿದ್ದರೆ ಕರೆಂಟು ಕಡಿಮೆ, ಸರಿಯಾಗಿ ನೋಡಿದಿರಿ ಎಂದು ತಂಗಿ ಹೊಗಳಿದಾಗ ಅವರ ಮುಖ ಅರಳಿತು. ಚೌಕಟ್ಟನ್ನು ತಾವೇ ಎರಡು ಮೊಳ ಆಚೆ ಸರಿಸಿಕೊಟ್ಟರು. ವಾರದೊಳಗೆ ಒಪ್ಪಿಗೆ ಪತ್ರ ಬಂತು. ವೈರು ಪೈಪಿನೊಳಗೆ ಇರಬೇಕು, ಬೆಂಕಿ ಆರಿಸುವವರು ಬಂದರೆ ಓಡಾಡಲು ದಾರಿ ಬಿಡಬೇಕು ಎಂಬ ಷರತ್ತುಗಳಿದ್ದವು. ಎರಡೂ ನ್ಯಾಯವಾದವೇ. ಅವುಗಳಂತೆಯೇ ತಂಗಿ ಪ್ಯಾನೆಲ್, ಬ್ಯಾಟರಿ ಕೂರಿಸಿಕೊಟ್ಟಳು.

ಶಾಲೆ ತೆರೆಯಲು ಹದಿನೈದು ದಿನವಿದ್ದಾಗ ಒಂದು ಮಧ್ಯಾಹ್ನ ಬೀದಿಯ ಕರೆಂಟು ಹೋಯಿತು. ಅತ್ತೆ ಅಭ್ಯಾಸಬಲದಿಂದ ಸೂಜಿ ಕೆಳಗಿಟ್ಟರು. ಮೆಷಿನ್ ಮಾತ್ರ ಓಡುತ್ತಲೇ ಇತ್ತು.

"ಇನ್ನು ಕರೆಂಟು ಹೋಯ್ತು ಅಂತ ನಾನು ಮಲಗೋ ಹಾಗೂ ಇಲ್ಲ," ಎಂದು ಅತ್ತೆ ನಗುತ್ತಾ ಇನ್ನೊಂದು ಅಂಗಿ ಎಳೆದುಕೊಂಡರು.

ಶಾಲೆ ತೆರೆದ ದಿನ ಗೇಟಿನಲ್ಲಿ ಎಲ್ಲ ಮಕ್ಕಳೂ ನೀಲಿ ನೀಲಿ. ಅಕ್ಕನಿಗೆ ಕಣ್ಣು ತುಂಬಿ ಬಂತು. ಅದೇ ಸಂಜೆ ಬೇಡಣ್ಣ ಬಾಗಿಲಿಗೆ ಬಂದು, ಗಂಟಲು ಸರಿಮಾಡಿಕೊಂಡರು.

"ಆ ಟ್ರಯಲ್ ಬಟ್ಟೆ ಇನ್ನೂ ಇದೆಯೇನಮ್ಮ? ನಮ್ಮ ತಾರಸಿಗೂ ಒಂದ್ಸಲ ನೋಡ್ಬೇಕಿತ್ತು."

ನಿಮ್ಮ ಬಡಾವಣೆಯಲ್ಲೂ ಸಂಘವಿದೆಯೇ? ಹಾಗಾದರೆ ಯಾರೋ ಹೇಳಿದ ಮಾತು ನಂಬಿ ಸುಮ್ಮನಾಗಬೇಡಿ, ಯಾರಿಗೂ ಹೇಳದೆ ಹಾಕಿಸಲೂ ಬೇಡಿ. ನಿಯಮ ಓದಿ. ನಕ್ಷೆ ಸಮೇತ ಅರ್ಜಿ ಕೊಡಿ. ಬೇಡ ಎಂದರೆ ಕಾರಣವನ್ನು ಬರಹದಲ್ಲೇ ಕೇಳಿ. ನಿಯಮದ ಪುಸ್ತಕ ಸಿಗುತ್ತಿಲ್ಲವೇ? ಮನೆಯಲ್ಲಿ ಅಲುಗಾಡುವುದು ಯಾವುದಿದೆಯೋ, ಮೊದಲು ಅದರ ಕಾಲಡಿ ಹುಡುಕಿ.